ಮೆತ್ತನೆಯ ಹುಸಿಮೀನೂ ಸೀಸದ ತಲೆಯೂ

ಗಾಳದ ತುದಿಗೆ ಎರೆಹುಳುವನ್ನು ಚುಚ್ಚಿ ನೀರಿಗೆ ಇಳಿಬಿಟ್ಟು, ಲೋಕದಲ್ಲಿ ಯಾವ ಅವಸರವೂ ಇಲ್ಲದವನಂತೆ ಹೊಳೆಯ ದಂಡೆಯಲ್ಲಿ ಕುಳಿತಿರುವ ಮನುಷ್ಯನನ್ನು ಕಾಣದ ವಾಚಕರು ನಮ್ಮಲ್ಲಿ ವಿರಳ. ಒಂದು ಬಿದಿರ ಕೋಲು, ಒಂದು ದಾರ, ಒಂದು ಕೊಕ್ಕೆ, ಒಂದು ಬೆಂಡು, ಇಷ್ಟೇ ಅವನ ಸಾಮಗ್ರಿ. ಈ ತಿಂಗಳು ನಾವು ಬರೆಯಹೊರಟಿರುವುದು ಆತನ ದೂರದ ನಂಟನೊಬ್ಬನ ವಿಷಯವನ್ನು. ಈತನು ಕುಳಿತಿರುವುದು ಅಮೆರಿಕದ ಪಡುಗಡೆಯ ಕರಾವಳಿಯಾಚೆ, ಶಾಂತಸಾಗರದ ಅಲೆಗಳಿಗೆ ಓಲಾಡುವ ದೋಣಿಯಲ್ಲಿ. ಅವನ ಕೊಕ್ಕೆಯಲ್ಲಿ ಹುಳುವೂ ಇಲ್ಲ, ಸೀಗಡಿಯೂ ಇಲ್ಲ. ಇರುವುದು ಮೆತ್ತನೆಯ ಪ್ಲಾಸ್ಟಿಕ್ಕಿನದೊಂದು ಹುಸಿಮೀನು, ಅದರ ಕೊರಳಿಗೆ ಸೀಸದದೊಂದು ತಲೆ. ಬೆಂಡಿನ ಮಾತಂತೂ ಇಲ್ಲವೇ ಇಲ್ಲ. ಏಕೆಂದರೆ ಅವನು ಅರಸುವ ಮೀನು ಇಪ್ಪತ್ತು ಮೂವತ್ತು ಮಾರು ಆಳದಲ್ಲಿ, ಕಡಲಿನ ತಳದ ಬಂಡೆಗಳ ಸಂದಿನಲ್ಲಿ ವಾಸಿಸತಕ್ಕದ್ದು.

ಶಾಕಾಹಾರಿಗಳಾದ ವಾಚಕರು ಇಲ್ಲಿಗೇ ಪುಟವನ್ನು ಮಗುಚಬಾರದೆಂದು ನಮ್ಮ ಬಿನ್ನಹ. ಈ ವಿಷಯವು ನಮ್ಮ ಮೇಜಿಗೆ ಬಂದುದು ಒಂದು ಅಡಿಗೆಮನೆಯ ಮೂಲಕವಾಗಿ. ಕುಂದಾಪುರದ ಕಡೆಯವರಾಗಿ ಈಗ ಆರೆಗನ್ ಸಂಸ್ಥಾನದಲ್ಲಿ ಮನೆ ಹೂಡಿರುವ ಸೋದರಿಯೊಬ್ಬರು ನಮಗೆ ಓಲೆ ಬರೆದಿರುವರು. ಅವರ ಯಜಮಾನರಿಗೆ ಅಲ್ಲಿಯ ಗೆಳೆಯರ ಸಹವಾಸದಿಂದ ಕಡಲಿನ ಗಾಳದ ಹುಚ್ಚು ಹಿಡಿದಿರುವುದಂತೆ. ಹುಚ್ಚಿನ ಬಗೆಗೆ ಆಕೆಗೆ ಆಕ್ಷೇಪವಿಲ್ಲ. ಕಡಲ ಮಗಳಿಗೆ ಮೀನು ಬೇಡವೇ? ಆದರೆ ಅಂಗಡಿಯ ಸೀಸದ ತಲೆಗಳಿಗೆ ಬೆಲೆ ಹೆಚ್ಚೆಂದು ಅವರು ಶನಿವಾರ ಶನಿವಾರ ಹಳೆಯ ಬಾಣಲೆಯೊಂದರಲ್ಲಿ ಸೀಸವನ್ನು ಕರಗಿಸಿ ಎರಕ ಹೊಯ್ಯುವರು, ಅದೂ ಅನ್ನ ಬೇಯುವ ಒಲೆಯ ಮೇಲೆಯೇ. ಎರಡು ವರ್ಷದ ಮಗುವು ಅಲ್ಲಿಯೇ ನೆಲದ ಮೇಲೆ ಆಡಿಕೊಂಡಿರುವುದು. ಇದು ಸರಿಯೇ ಎಂಬುದು ಆಕೆಯ ಮೊದಲನೆಯ ಪ್ರಶ್ನೆ. ಮನೆಗೆ ಬಂದ ಮೀನೊಂದನ್ನು ಕೊಯ್ದಾಗ ಒಳಗಿನ ಮಾಂಸವು ನೀಲಿಯಾಗಿದ್ದಿತು, ಅದನ್ನು ಹೆದರಿ ಬಿಸುಟೆವು, ತಿನ್ನಬಹುದಾಗಿತ್ತೇ ಎಂಬುದು ಎರಡನೆಯದು. ಎರಡಕ್ಕೂ ಉತ್ತರ ಹೇಳುವೆವು. ಆದರೆ ಈ ಆಟದ ಪರಿಯನ್ನು ಮೊದಲು ತಿಳಿಯದಿದ್ದರೆ ಉತ್ತರವು ಬರಿಯ ಅಪ್ಪಣೆಯಾದೀತು. ಗಂಡಂದಿರು ಅಪ್ಪಣೆಗೆ ಬಗ್ಗುವ ಜಾತಿಯವರಲ್ಲವೆಂಬುದನ್ನು ಗೃಹಿಣಿಯರು ನಮಗಿಂತ ಚೆನ್ನಾಗಿ ಬಲ್ಲರು.

ತಿನ್ನಲಾಗದ ವಸ್ತುವನ್ನು ತೋರಿಸಿ ಮೀನನ್ನು ಮೋಸಗೊಳಿಸುವ ವಿದ್ಯೆಯು ನಿನ್ನೆ ಮೊನ್ನೆಯದಲ್ಲ. ಅದೇ ಪಡುಗಡಲಿನ ತೀರದ ಮೂಲನಿವಾಸಿಗಳಲ್ಲಿ ಕೆಲವರು ಮರದಿಂದ ಒಂದು ಚಿಕ್ಕ ಬುಗುರಿಯಂಥ ವಸ್ತುವನ್ನು ಮಾಡಿ, ಅದಕ್ಕೆ ರೆಕ್ಕೆಗಳಂತೆ ಸಿಬುರುಗಳನ್ನು ಸಿಕ್ಕಿಸಿ, ಉದ್ದನೆಯ ಕೋಲಿನ ತುದಿಯಿಂದ ಅದನ್ನು ನೀರಿನ ಆಳಕ್ಕೆ ಒತ್ತಿ ಬಿಟ್ಟುಬಿಡುತ್ತಿದ್ದರು. ಅದು ಗಿರಗಿರನೆ ತಿರುಗುತ್ತ ಮೇಲಕ್ಕೆ ಬರುವುದು. ಅದನ್ನು ಬೆನ್ನಟ್ಟಿ ತಳದ ಮೀನೂ ಮೇಲಕ್ಕೆ ಬರುವುದು. ಈಟಿಯನ್ನು ಹಿಡಿದವನು ದೋಣಿಯಲ್ಲಿ ಕಾದಿರುವನು. ಕೊಕ್ಕೆಯೂ ಇಲ್ಲ, ನೂಲೂ ಇಲ್ಲ! ಅತ್ತ ಅಟ್ಲಾಂಟಿಕ್ ಸಾಗರದ ನ್ಯೂಫೌಂಡ್‌ಲೆಂಡಿನ ಬೆಸ್ತರು ಸೀಸದಿಂದ ಮೀನಿನಾಕಾರವನ್ನು ಎರೆದು, ಅದಕ್ಕೆ ಎರಡು ಕೊಕ್ಕೆಗಳನ್ನು ಕೂಡಿಸಿ, ತಳಕ್ಕೆ ಇಳಿಬಿಟ್ಟು ಮೇಲೆ ಕೆಳಗೆ ಜಗ್ಗುತ್ತ ಕಾಡ್ ಮೀನನ್ನು ಹಿಡಿಯುತ್ತಿದ್ದರು. ಹೀಗೆ ಜಗ್ಗುವುದಕ್ಕೇ ಜಿಗ್ ಎಂದು ಹೆಸರು; ಆ ಹೆಸರು ಕ್ರಮೇಣ ಸೀಸದ ಸಾಧನಕ್ಕೂ ಅಂಟಿಕೊಂಡಿತು.

ಮೆತ್ತನೆಯ ಪ್ಲಾಸ್ಟಿಕ್ಕಿನ ಕತೆಯು ಮಾತ್ರ ಈಚಿನದು. 1949ರಲ್ಲಿ ಓಹಯೊ ಸಂಸ್ಥಾನದ ಏಕ್ರನ್ ಎಂಬ ಊರಿನಲ್ಲಿ ನಿಕ್ ಕ್ರೀಮ್ ಎಂಬವರೂ ಅವರ ಪತ್ನಿ ಕಾಸ್ಮ ಎಂಬವರೂ ತಮ್ಮ ಮನೆಯಲ್ಲಿಯೇ ವಿನೈಲು, ಎಣ್ಣೆ, ಬಣ್ಣ ಇವುಗಳನ್ನು ಕಲಸಿ ಕಾಯಿಸಿ, ಅಚ್ಚಿಗೆ ಹೊಯ್ದು, ಕೈಗೆ ಜೀವಂತವೆನಿಸುವಷ್ಟು ಮೃದುವಾದ ಎರೆಹುಳುವನ್ನು ಮಾಡಿದರು. ಅದು ಸಿಹಿನೀರಿನ ಬಾಸ್ ಮೀನಿಗಾಗಿ ಹುಟ್ಟಿದ್ದು. ಅದರ ಸಂತತಿಯು ಈಗ ಕಡಲಿನ ತಳದವರೆಗೂ ಇಳಿದಿರುವುದು.

ಇದು ರಬ್ಬರೆಂದು ಹಲವರ ತಿಳಿವಳಿಕೆ, ಅದು ತಪ್ಪು. ಮನೆಯ ನೀರಿನ ಕೊಳವೆಗಳಿಗೆ ಬಳಸುವ ಪಿ.ವಿ.ಸಿ. ಎಂಬ ವಸ್ತುವಿನ ನುಣುಪಾದ ಪುಡಿಯನ್ನು, ಅದನ್ನು ಮೆದುವಾಗಿಸತಕ್ಕ ಒಂದು ಬಗೆಯ ಎಣ್ಣೆಯಂಥ ದ್ರವದಲ್ಲಿ ಕಲಸಿದರೆ ಹಾಲಿನಂತಹ ಮಂದವಾದ ರಸವಾಗುವುದು. ಅದನ್ನು ಸುಮಾರು 175 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಲು ತಿಳಿಯಾಗಿ ಪಾಕಕ್ಕೆ ಬರುವುದು. ಅಚ್ಚಿಗೆ ಹೊಯ್ದು ಆರಿಸಿದರೆ ಹಲಸಿನ ತೊಳೆಯಷ್ಟು ಬಾಗುವ ಮೀನು ಸಿದ್ಧ. ಎಣ್ಣೆ ಹೆಚ್ಚಿದಷ್ಟೂ ಮೆದು, ಕಡಿಮೆಯಾದಷ್ಟೂ ಬಿರುಸು. ಪಾಕವು ಮೀರಿದರೆ ಹೊತ್ತಿ ಕಂದಾಗಿ, ಗಂಟಲನ್ನು ಸುಡುವ ಆಮ್ಲದ ಹೊಗೆಯು ಏಳುವುದು. ಇದೂ ಅಡಿಗೆಮನೆಯ ಕೆಲಸವಲ್ಲವೆಂದು ಬೇರೆ ಹೇಳಬೇಕೇ?

ಮೃದುತ್ವದಿಂದ ಎರಡು ಲಾಭಗಳುಂಟು. ಗಟ್ಟಿಯಾದ ಮರದ ಇಲ್ಲವೆ ಲೋಹದ ತುಂಡನ್ನು ಕಚ್ಚಿದ ಮೀನು ಮರುಕ್ಷಣವೇ ಉಗುಳುವುದು; ಮೆತ್ತನೆಯದನ್ನು ಇನ್ನೂ ಒಂದೆರಡು ಕ್ಷಣ ಬಾಯಲ್ಲಿಟ್ಟುಕೊಳ್ಳುವುದು. ಆ ಒಂದೆರಡು ಕ್ಷಣಗಳೇ ಗಾಳಗಾರನ ಸಂಪಾದನೆ. ಎರಡನೆಯದು ಬಾಲದ ಚಲನೆ. ಕೆಲವು ಹುಸಿಮೀನುಗಳ ಬಾಲವು ಕುಡುಗೋಲಿನಂತೆ ಸುರುಳಿಯಾಗಿಯೂ, ಕೆಲವುಗಳದು ದೋಣಿಯ ಹುಟ್ಟಿನಂತೆ ಅಡ್ಡವಾಗಿಯೂ, ಮತ್ತೆ ಕೆಲವುಗಳದು ಎರಡು ಕವಲಾಗಿಯೂ ಇರುವುದು. ನೀರನ್ನು ಸೀಳಿಕೊಂಡು ಇಳಿಯುವಾಗ ಈ ಬಾಲಗಳು ತಾವಾಗಿಯೇ ಅದುರುವುವು. ಕತ್ತಲೆಯ ಆಳದಲ್ಲಿ ಮೀನು ಕಣ್ಣಿನಿಂದ ಮಾತ್ರವೇ ಬೇಟೆಯಾಡುವುದಿಲ್ಲ. ಅದರ ಪಕ್ಕೆಯುದ್ದಕ್ಕೂ ನೀರಿನ ಅಲುಗಾಟವನ್ನು ಅರಿಯುವ ಒಂದು ರೇಖೆಯುಂಟು. ಬಾಲದ ಅದಿರು ಆ ರೇಖೆಗೆ ಮುಟ್ಟುವುದು.

ಬಣ್ಣದ ವಿಚಾರವಾಗಿ ಗಾಳಗಾರರಲ್ಲಿ ನಡೆಯುವಷ್ಟು ಚರ್ಚೆಯು ನಮ್ಮಲ್ಲಿ ಸೀರೆಯ ಅಂಗಡಿಯಲ್ಲಿಯೂ ನಡೆಯದು. ಭೌತಶಾಸ್ತ್ರವು ಹೇಳುವುದಿಷ್ಟು: ನೀರಿನೊಳಗೆ ಇಳಿದಂತೆ ಬೆಳಕಿನ ಬಣ್ಣಗಳಲ್ಲಿ ಮೊದಲು ಅಳಿಯುವುದು ಕೆಂಪು. ಹತ್ತು ಹದಿನೈದು ಮಾರಿನ ಕೆಳಗೆ ಕೆಂಪು ಮೀನು ಬೂದುಗಪ್ಪಾಗಿಯೇ ತೋರುವುದು. ಆಳದ ಮೀನುಗಳಲ್ಲಿ ಅನೇಕವು ಕೆಂಪಾಗಿರುವುದು ಚೆಲುವಿಗಾಗಿಯಲ್ಲ, ಮರೆಗಾಗಿ. ಆದಕಾರಣ ಬಣ್ಣಕ್ಕಿಂತ ಬಿಳುಪು ಕಪ್ಪುಗಳ ಎದ್ದುಕಾಣುವಿಕೆಯೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಬಿಳಿಯದೊಂದು, ಕಡುಗಂದಿನದೊಂದು, ಕತ್ತಲೆಯಲ್ಲಿ ಮಿನುಗುವುದೊಂದು ಇದ್ದರೆ ಸಾಕು. ಇಪ್ಪತ್ತು ಬಣ್ಣಗಳನ್ನು ಕೊಳ್ಳುವವನನ್ನು ಹಿಡಿದಿರುವುದು ಮೀನಲ್ಲ, ಅಂಗಡಿಯವನು.

ಇನ್ನು ಸೀಸದ ತಲೆ. ಕೊಕ್ಕೆಯ ಕಾಂಡವನ್ನು ಮೂತಿಯ ಬಳಿ ಮೊಳಕೈಯಂತೆ ಬಗ್ಗಿಸಿ ಅದರ ಸುತ್ತ ಸೀಸವನ್ನು ಎರೆದಿರುವರು. ನೂಲು ಕಟ್ಟುವ ಕಣ್ಣು ತಲೆಯ ಮೇಲ್ಭಾಗದಲ್ಲಿರುವುದು. ಇದರಲ್ಲಿ ಒಂದು ಜಾಣತನವುಂಟು: ಭಾರವು ಕೆಳಗೂ ಕಣ್ಣು ಮೇಲೂ ಇರುವುದರಿಂದ ಕೊಕ್ಕೆಯ ಮೊನೆಯು ಸದಾ ಮೇಲ್ಮುಖವಾಗಿ ನಿಲ್ಲುವುದು, ಬಂಡೆಗೆ ತಗುಲುವುದು ಸೀಸದ ಬೋಳುತಲೆಯೇ ಹೊರತು ಮೊನೆಯಲ್ಲ. ಹುಸಿಮೀನನ್ನು ಏರಿಸುವಾಗ ಮೊದಲು ಅದನ್ನು ಕೊಕ್ಕೆಯ ಪಕ್ಕದಲ್ಲಿ ಹಿಡಿದು ಮೊನೆಯು ಎಲ್ಲಿ ಹೊರಬರಬೇಕೆಂದು ಉಗುರಿನಿಂದ ಗುರುತು ಮಾಡಿಕೊಂಡು, ಮೂತಿಯ ನಟ್ಟನಡುವೆ ಚುಚ್ಚಿ, ಮಲ್ಲಿಗೆಯ ದಂಡೆಗೆ ಬಾಳೆನಾರು ಹಾಯಿಸುವಷ್ಟು ನಿಧಾನದಿಂದ ನೇರವಾಗಿ ಏರಿಸಬೇಕು. ಸ್ವಲ್ಪ ಡೊಂಕಾದರೂ ನೀರಿನಲ್ಲಿ ಬುಗುರಿಯಾಡಿ ನೂಲೆಲ್ಲ ಹುರಿಗಟ್ಟುವುದು. ನೆಟ್ಟಗಿರದ ಮೀನನ್ನು ಮೀನು ನಂಬದು.

ಸೀಸವೇ ಏಕೆ? ನೀರಿಗಿಂತ ಹನ್ನೊಂದು ಪಟ್ಟಿಗೂ ಮಿಗಿಲಾದ ಭಾರ, ಅಗ್ಗದ ಬೆಲೆ, 327 ಡಿಗ್ರಿಗೇ ಕರಗುವ ಸುಲಭ ಸ್ವಭಾವ. ನಮ್ಮ ಬೀಸುಬಲೆಯ ಅಂಚಿಗೆ ಸೀಸದ ಗುಂಡುಗಳನ್ನು ಪೋಣಿಸುವುದೂ ಇದೇ ಕಾರಣದಿಂದ. ಎಷ್ಟು ಭಾರವೆಂಬುದಕ್ಕೆ ಆಳ, ಗಾಳಿ, ನೀರಿನ ಸೆಳೆತ ಇವು ಮೂರೂ ಅಳತೆಗೋಲುಗಳು. ಹತ್ತು ಮಾರಿನ ಶಾಂತ ನೀರಿಗೆ ಎರಡು ಮೂರು ಔನ್ಸು ಸಾಕಾದೀತು. ಮೂವತ್ತು ನಲವತ್ತು ಮಾರಿನಲ್ಲಿ ಎಂಟು, ಹನ್ನೆರಡು, ಕೆಲವೊಮ್ಮೆ ಹದಿನಾರು ಔನ್ಸೂ ಬೇಕಾಗುವುದು. ತಳವು ತಾಕಿದುದು ಕೈಗೆ ತಿಳಿಯುವಷ್ಟು ಭಾರ, ಅದಕ್ಕಿಂತ ಹೆಚ್ಚು ಬೇಡ. ಏಕೆಂದರೆ ಹಗುರಾದುದು ನಿಧಾನವಾಗಿ ಇಳಿಯುವುದು, ನಿಧಾನವಾಗಿ ಇಳಿಯುವುದನ್ನೇ ಮೀನು ಹಿಡಿಯುವುದು. ನೂಲಿನ ವಿಷಯದಲ್ಲಿ 1990ರ ದಶಕದಿಂದೀಚೆಗೆ ದೊಡ್ಡ ಮಾರ್ಪಾಡಾಗಿರುವುದು. ಹಿಂದಿನ ನೈಲಾನು ದಾರವು ಎಳೆದರೆ ಹಿಗ್ಗುವುದು. ಈಗಿನ ಪಾಲಿಥೀನಿನ ಹೆಣೆದ ನೂಲು ಹಿಗ್ಗುವುದು ಅತ್ಯಲ್ಪ, ಗಾತ್ರದಲ್ಲಿಯೂ ಬಲು ತೆಳು. ಸಾಗರದ ತಳದಲ್ಲಿ ಮೀನು ಮೂಸಿದರೂ ದೋಣಿಯಲ್ಲಿರುವವನ ಬೆರಳಿಗೆ ಸುದ್ದಿ ಬರುವುದು. ಆದರೆ ಬಂಡೆಯ ಮೇಲೆ ಉಜ್ಜಿದರೆ ಅದು ಬೇಗನೆ ಹರಿಯುವುದರಿಂದ, ಕೊನೆಯ ಒಂದೆರಡು ಮಾರು ದಪ್ಪನೆಯ ಒಂಟಿಯೆಳೆಯ ದಾರವನ್ನು ಕಟ್ಟುವ ರೂಢಿಯುಂಟು.

ಆಡುವ ಕ್ರಮವು ಹೇಳುವುದಕ್ಕೆ ಸುಲಭ. ಯಂತ್ರವನ್ನು ನಿಲ್ಲಿಸಿ ದೋಣಿಯು ಬಂಡೆಯ ಸಾಲಿನ ಮೇಲೆ ತೇಲುವಂತೆ ಬಿಡುವರು. ರಾಟೆಯ ಮೇಲೆ ಹೆಬ್ಬೆರಳಿಟ್ಟು ನೂಲನ್ನು ಇಳಿಸುವರು. ತಳ ಮುಟ್ಟಿದೊಡನೆ ನೂಲು ಸಡಿಲಾಗುವುದು. ಆ ಕ್ಷಣವೇ ಎರಡು ಮೂರು ಅಡಿ ಮೇಲಕ್ಕೆತ್ತಬೇಕು. ಇಲ್ಲಿ ಅರ್ಧ ನಿಮಿಷ ಮೈಮರೆತವನ ಸೀಸವು ಬಂಡೆಯ ಸಂದಿನ ಪಾಲು. ಆಮೇಲೆ ಕೋಲನ್ನು ಮೆಲ್ಲನೆ ಎತ್ತುವುದು, ಮೆಲ್ಲನೆ ಇಳಿಸುವುದು. ಇಳಿಯುವಾಗ ನೂಲು ಸಡಿಲವಾಗದೆ, ಬಿಗಿಯೂ ಆಗದೆ, ಸೀಸದ ಜೊತೆಗೇ ಇಳಿಯುತ್ತಿರಬೇಕು; ಮೀನು ಹಿಡಿಯುವುದು ಬಹುಮಟ್ಟಿಗೆ ಈ ಇಳಿವಿನಲ್ಲಿಯೇ. ತಳದ ಏರುಪೇರು ಕೈಗೆ ತಿಳಿಯುತ್ತಿರಲು ಆಗಾಗ ಒಮ್ಮೆ ಮುಟ್ಟಿಸಿ ನೋಡುವರು. ಕೈಗೆ ಭಾರವೆನಿಸಿದಾಗ ಹೌಹಾರಿ ಜಗ್ಗದೆ, ಮೊದಲು ರಾಟೆಯನ್ನು ಸುತ್ತಿ ನೂಲನ್ನು ಬಿಗಿಮಾಡಿಕೊಂಡು ಅನಂತರ ಎತ್ತುವುದು ಬಲ್ಲವರ ಪದ್ಧತಿ.

ಹೀಗೆ ಎದ್ದುಬರುವ ಮೀನುಗಳಲ್ಲಿ ಪ್ರಸಿದ್ಧವಾದುದು ಲಿಂಗ್‌ಕಾಡ್. ಹೆಸರಿನಲ್ಲಿ ಲಿಂಗ್ ಎಂಬ ಮೀನೂ ಕಾಡ್ ಎಂಬ ಮೀನೂ ಎರಡೂ ಇದ್ದರೂ ಅದು ಎರಡೂ ಅಲ್ಲ. ದೊಡ್ಡ ಬಾಯಿ, ಚುಕ್ಕೆ ಚುಕ್ಕೆಯ ಮೈ, ಬಾಯಿಯ ತುಂಬ ಸೂಜಿಯಂಥ ಹಲ್ಲುಗಳು. ಆ ಹಲ್ಲುಗಳಲ್ಲಿ ದಿನವೊಂದಕ್ಕೆ ಸುಮಾರು ಇಪ್ಪತ್ತು ಉದುರಿ ಹೊಸವು ಮೂಡುವುವೆಂದು ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು 2021ರಲ್ಲಿ ಪ್ರಕಟಿಸಿದರು. ಇದರ ದುರಾಶೆಯು ಹಾಸ್ಯಾಸ್ಪದವಾದುದು. ಗಾಳಕ್ಕೆ ಸಿಕ್ಕಿ ಮೇಲೇರುತ್ತಿರುವ ಚಿಕ್ಕ ಮೀನನ್ನು ಇದು ಕಚ್ಚಿಕೊಂಡು, ತನಗೆ ಕೊಕ್ಕೆ ತಗುಲದೆ ಇದ್ದರೂ, ಬಾಯಿ ಬಿಡಲೊಲ್ಲದೆ ದೋಣಿಯ ತನಕ ಬಂದುಬಿಡುವುದು! ಅದರ ತಲೆಯು ನೀರಿನಿಂದ ಹೊರಗೆ ಬರುವ ಮೊದಲೇ ಬಲೆಯನ್ನು ಒಡ್ಡಬೇಕು. ಗಾಳಿ ಸೋಕಿತೆಂದರೆ ಬಿಟ್ಟು ಮಾಯವಾಗುವುದು. ಚಳಿಗಾಲದಲ್ಲಿ ಹೆಣ್ಣು ಬಂಡೆಯ ಸಂದಿನಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುವುದು. ಮರಿಯೊಡೆಯುವ ತನಕ ಕಾವಲಿರುವುದು ಗಂಡು.

ಸೋದರಿಯ ಎರಡನೆಯ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇರುವುದು. ಆ ನೀಲಿ ಮಾಂಸದ ಮೀನು ಲಿಂಗ್‌ಕಾಡೇ ಆಗಿದ್ದಿರಬೇಕು. ಅವುಗಳಲ್ಲಿ ಕೆಲವು ನೀಲಿಯೆಂದೋ ಹಸುರೆಂದೋ ಹೇಳಲಾಗದ ಮಾಂಸವುಳ್ಳವಾಗಿರುವುವು. ಅದು ಕೊಳೆತದ್ದೂ ಅಲ್ಲ, ವಿಷವೂ ಅಲ್ಲ. ಬಿಸಿ ತಗುಲಿದೊಡನೆ ಬಣ್ಣವು ಕರಗಿ ಹಾಲಿನಂತೆ ಬೆಳ್ಳಗಾಗುವುದು. ಮುಂದಿನ ಸಲ ಬಿಸಾಡಕೂಡದು. ತುಂಡುಗಳು ದಪ್ಪವಾಗಿ ಬಿಗಿಯಾಗಿರುವುದರಿಂದ ಹುಳಿ ಖಾರದ ಕುಂದಾಪುರದ ಗಸಿಗೆ ಹೇಳಿ ಮಾಡಿಸಿದಂತಿರುವುದು.

ಲಿಂಗ್‌ಕಾಡಿನ ನೆರೆಹೊರೆಯವು ರಾಕ್‌ಫಿಷ್ ಎಂಬ ಬಂಡೆಮೀನುಗಳು. ಲೋಕದಲ್ಲಿ ಇವುಗಳ ನೂರಕ್ಕೂ ಮೀರಿದ ಜಾತಿಗಳುಂಟು. ಕಪ್ಪು, ನೀಲಿ, ತಾಮ್ರವರ್ಣ, ಹಳದಿಗಣ್ಣಿನ ಕಿತ್ತಳೆ ಎಂದು ಒಂದೊಂದಕ್ಕೂ ಬೇರೆ ಬೇರೆ ಚೆಲುವು. ಕ್ಯಾಲಿಫೋರ್ನಿಯದ ಅಂಗಡಿಗಳಲ್ಲಿ ಇವನ್ನು ರೆಡ್ ಸ್ನಾಪರ್ ಎಂಬ ಹೆಸರಿಟ್ಟು ಮಾರುವುದುಂಟು. ಮಲ್ಪೆಯ ಕೆಂಬೇರಿಗೂ ಇಂಗ್ಲಿಷಿನಲ್ಲಿ ಅದೇ ಹೆಸರಾದುದರಿಂದ, ಅಲ್ಲಿ ಮನೆಮಾಡಿರುವ ನಮ್ಮವರು ಕೆಂಬೇರಿಯೆಂದೇ ತಿಳಿದು ಕೊಂಡು ತಂದಾರು. ರುಚಿಗೆ ಕೊರತೆಯಿಲ್ಲ, ಆದರೆ ನಂಟು ಮಾತ್ರ ಇಲ್ಲ.

ಈ ಬಂಡೆಮೀನುಗಳ ಬಾಳಿನ ರೀತಿಯನ್ನು ತಿಳಿದವರು ಗಾಳವನ್ನು ಸ್ವಲ್ಪ ಯೋಚಿಸಿಯೇ ಇಳಿಸುವರು. ಇವು ಮೊಟ್ಟೆಯನ್ನಿಡದೆ ಮರಿಗಳನ್ನೇ ಈಯುವುವು. ಬೆಳೆಯುವುದು ಬಹು ನಿಧಾನ, ಬಾಳುವುದು ಬಹು ದೀರ್ಘ. ಮೀನಿನ ತಲೆಯೊಳಗೆ ಇರುವ ಕಿವಿಗಲ್ಲನ್ನು ಕೊಯ್ದು ನೋಡಿದರೆ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಉಂಗುರವು ಕಾಣಿಸುವುದು. ಹೀಗೆ ಎಣಿಸಿದಾಗ ಹಳದಿಗಣ್ಣಿನ ಮೀನು ನೂರು ವರ್ಷವನ್ನೂ ಮೀರಿ ಬಾಳುವುದೆಂದೂ, ರಫ್‌ಐ ಎಂಬ ಇನ್ನೊಂದು ಜಾತಿಯು ಇನ್ನೂರು ವರ್ಷವನ್ನು ಮುಟ್ಟುವುದೆಂದೂ ಗೊತ್ತಾಯಿತು. ಗಾಳಗಾರನ ತಾತನು ಹುಟ್ಟುವ ಮೊದಲೇ ಹುಟ್ಟಿದ ಮೀನು ಅವನ ಕೊಕ್ಕೆಗೆ ಬಂದಿರಬಹುದು! ಕಪ್ಪು ಬಂಡೆಮೀನನ್ನು ಕುರಿತು 2004ರಲ್ಲಿ ಪ್ರಕಟವಾದ ಪರಿಶೋಧನೆಯೊಂದು ಮತ್ತೊಂದು ಸಂಗತಿಯನ್ನು ತೋರಿಸಿತು: ವಯಸ್ಸಾದ ತಾಯಿಯ ಮರಿಗಳು ಹೊಟ್ಟೆಯಲ್ಲಿ ಹೆಚ್ಚಿನ ಎಣ್ಣೆಯ ಬುತ್ತಿಯನ್ನು ಹೊತ್ತು ಹುಟ್ಟುವುವು, ಬೇಗ ಬೆಳೆಯುವುವು, ಹಸಿವನ್ನು ಹೆಚ್ಚು ಕಾಲ ತಾಳುವುವು. ಆದುದರಿಂದ ಅತಿ ದೊಡ್ಡ ಮೀನನ್ನು ಹಿಡಿದವನು ಪಟ ತೆಗೆಸಿಕೊಳ್ಳುವುದಕ್ಕೆ ನಮ್ಮ ಅಡ್ಡಿಯಿಲ್ಲ, ಆದರೆ ಕಡಲಿಗೆ ಬೇಕಾದ ಅಜ್ಜಿಯನ್ನೇ ಅವನು ಮೇಲಕ್ಕೆ ತಂದಿರುವನು.

ಬಿಟ್ಟುಬಿಟ್ಟರಾಯಿತಲ್ಲ ಎನ್ನುವಿರೋ? ಅಲ್ಲಿಯೇ ತೊಡಕು. ಕಡಲಿನಲ್ಲಿ ಸುಮಾರು 33 ಅಡಿ ಇಳಿದಂತೆಲ್ಲ ನೀರಿನ ಒತ್ತಡವು ಒಂದು ವಾಯುಮಂಡಲದಷ್ಟು ಏರುವುದು. ನೂರಡಿಯಲ್ಲಿ ಮೇಲಿನ ನಾಲ್ಕರಷ್ಟು, ಮುನ್ನೂರು ಅಡಿಯಲ್ಲಿ ಹತ್ತರಷ್ಟು. ಬಂಡೆಮೀನಿನ ಒಡಲಲ್ಲಿ ತೇಲುವಿಕೆಗಾಗಿ ಒಂದು ಗಾಳಿಚೀಲವಿದೆ, ಅದಕ್ಕೆ ಹೊರದಾರಿಯಿಲ್ಲ. ಮುನ್ನೂರು ಅಡಿಯಿಂದ ಎರಡು ಮೂರು ನಿಮಿಷಗಳಲ್ಲಿ ಮೇಲಕ್ಕೆಳೆದರೆ ಒಳಗಿನ ಗಾಳಿಯು ಹತ್ತು ಪಟ್ಟು ಹಿಗ್ಗಲು ತೊಡಗುವುದು. ಹೊಟ್ಟೆಯು ತಿರುಗುಮುರುಗಾಗಿ ಬಾಯಿಂದ ಹೊರಬೀಳುವುದು. ಕಣ್ಣುಗಳು ಗುಡ್ಡೆಗಟ್ಟಿ ಉಬ್ಬುವುವು. ಇಂಥದನ್ನು ದಯೆಯಿಂದ ನೀರಿಗೆ ಬಿಟ್ಟರೂ ಅದು ಮುಳುಗಲಾರದೆ ಬೆಂಡಿನಂತೆ ತೇಲುತ್ತ ಕಡಲಹಕ್ಕಿಗಳಿಗೆ ಆಹಾರವಾಗುವುದು. ಲಿಂಗ್‌ಕಾಡಿಗೆ ಗಾಳಿಚೀಲವೇ ಇಲ್ಲವಾದುದರಿಂದ ಅದಕ್ಕೆ ಈ ಬಾಧೆಯಿಲ್ಲ. ಬಿಟ್ಟರೆ ಬಾಲ ಬೀಸಿಕೊಂಡು ಹೊರಟುಹೋಗುವುದು.

ಉಬ್ಬಿದ ಮೀನಿಗೆ ಸೂಜಿ ಚುಚ್ಚುವ ಚಿಕಿತ್ಸೆಯನ್ನು ಕೆಲವರು ಮಾಡುವುದುಂಟು. ಬಾಯಿಂದ ಹೊರಬಂದಿರುವುದು ಗಾಳಿಚೀಲವಲ್ಲ, ಹೊಟ್ಟೆ ಎಂಬುದನ್ನು ಅರಿಯದೆ ಅದನ್ನೇ ಚುಚ್ಚುವರು. ಇದಕ್ಕಿಂತ ಸರಳವೂ ಉತ್ತಮವೂ ಆದ ಉಪಾಯವೆಂದರೆ ಮೀನನ್ನು ಬಂದ ಆಳಕ್ಕೇ ಮರಳಿ ಇಳಿಸುವುದು. ಮುಳ್ಳುಗಂಟಿಲ್ಲದ ದೊಡ್ಡ ಕೊಕ್ಕೆಯೊಂದನ್ನು ತಲೆಕೆಳಗಾಗಿ ನೂಲಿಗೆ ಕಟ್ಟಿ, ಕೆಳಗೆ ಎರಡು ಮೂರು ಪೌಂಡು ಭಾರವನ್ನು ತೂಗಿಬಿಟ್ಟು, ಮೀನಿನ ತುಟಿಗೆ ಸಿಕ್ಕಿಸಿ ಇಳಿಸಿದರೆ, ಒತ್ತಡವು ಮರಳಿ ಬಂದು ಗಾಳಿಯು ಕುಗ್ಗಿ ಮೀನು ಚೇತರಿಸಿಕೊಳ್ಳುವುದು. ಆಗ ಒಮ್ಮೆ ಜಗ್ಗಿದರೆ ಕೊಕ್ಕೆಯು ಕಳಚುವುದು. ತಳ ಮೇಲಾಗಿ ಮಗುಚಿದ ಹಾಲಿನ ಪೆಟ್ಟಿಗೆಗೆ ಭಾರ ಕಟ್ಟಿ ಅದರಡಿಯಲ್ಲಿ ಮೀನನ್ನು ಕೂಡಿ ಇಳಿಸುವವರೂ ಉಂಟು. ಇದರ ಫಲವೇನೆಂಬುದನ್ನು ಅಲಾಸ್ಕದಲ್ಲಿ ಹಳದಿಗಣ್ಣಿನ ಮೀನುಗಳ ಮೇಲೆ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಆಳಕ್ಕೆ ಇಳಿಸಿ ಬಿಟ್ಟವುಗಳಲ್ಲಿ ಹದಿನೇಳು ದಿನಗಳ ತರುವಾಯವೂ ನೂರಕ್ಕೆ 98ಕ್ಕಿಂತ ಹೆಚ್ಚು ಬದುಕಿದ್ದುವು. ಮೇಲೆಯೇ ಬಿಟ್ಟವುಗಳಲ್ಲಿ ಬದುಕಿದ್ದುವೆಂದು ಅಂದಾಜಾದವು ನೂರಕ್ಕೆ 22. ಸಮುದ್ರದಲ್ಲಿ ವಿನೋದಕ್ಕಾಗಿ ಮೀನು ಹಿಡಿಯುವ ದೋಣಿಯೆಲ್ಲದರಲ್ಲಿಯೂ ಇಂಥ ಸಾಧನವಿರಬೇಕೆಂದು ಅಲಾಸ್ಕದ ಸರಕಾರವು 2020ರಿಂದ ಕಟ್ಟಳೆ ಮಾಡಿತು. ನಾಲ್ಕಾಣೆಯ ಕೊಕ್ಕೆಯಿಂದ ನೂರು ವರ್ಷದ ಜೀವವು ಉಳಿಯುವುದಾದರೆ ಇದಕ್ಕೆ ಕಟ್ಟಳೆಯಾದರೂ ಏಕೆ ಬೇಕಿತ್ತೆಂದು ನಮಗೆ ಅನಿಸುವುದು. ಆದರೆ ಮನುಷ್ಯಸ್ವಭಾವವು ಹಾಗೆ.

ಈ ಎಚ್ಚರವೆಲ್ಲ ಪೆಟ್ಟು ತಿಂದ ಮೇಲೆ ಬಂದದ್ದು. ದೊಡ್ಡ ದೊಡ್ಡ ಎಳೆಬಲೆಗಳ ಹಡಗುಗಳೂ ಅವುಗಳ ಜೊತೆಗೆ ವಿನೋದದ ಗಾಳಗಳೂ ದಶಕಗಟ್ಟಲೆ ಕಡಲಿನ ತಳವನ್ನು ಬಾಚಿದುದರ ಪರಿಣಾಮವಾಗಿ, 2000ನೆಯ ಇಸವಿಯ ಜನವರಿಯಲ್ಲಿ ಅಮೆರಿಕ ಸರಕಾರವು ಪಡುವಣ ತೀರದ ತಳಮೀನುಗಾರಿಕೆಯು ವಿಪತ್ತಿಗೆ ಒಳಗಾಗಿದೆಯೆಂದು ಸಾರಿತು. 2002ರಿಂದ ತೀರದುದ್ದಕ್ಕೂ ವಿಸ್ತಾರವಾದ ಆಳಗಳನ್ನು ಮುಚ್ಚಿ ಕಾವಲು ಹಾಕಿದರು. ಬೆಸ್ತರ ಎಷ್ಟೋ ಸಂಸಾರಗಳು ಕಷ್ಟಕ್ಕೀಡಾದುವು. ಆದರೆ ಕಡಲು ಉಪಕಾರವನ್ನು ಮರೆಯಲಿಲ್ಲ. ಬೇಗ ಬೆಳೆಯುವ ಲಿಂಗ್‌ಕಾಡ್ 2005ರ ಹೊತ್ತಿಗೆ ಮರಳಿ ತುಂಬಿಕೊಂಡಿತು. ಕೆನರಿ ಎಂಬ ಬಂಡೆಮೀನು 2015ರಲ್ಲಿಯೂ, ಬೊಕಾಚಿಯೊ 2017ರಲ್ಲಿಯೂ, ಕೌಕಾಡ್ 2019ರಲ್ಲಿಯೂ ಚೇತರಿಸಿಕೊಂಡುವೆಂದು ಪ್ರಕಟವಾಯಿತು. ಕೌಕಾಡ್ ಇನ್ನೂ ಹಲವು ದಶಕಗಳನ್ನು ತೆಗೆದುಕೊಳ್ಳುವುದೆಂದು ಪಂಡಿತರು ಮೊದಲು ಎಣಿಸಿದ್ದರು. ಎಲ್ಲಿ ಯಾವಾಗ ಎಷ್ಟು ಆಳದಲ್ಲಿ ಎಷ್ಟು ಮೀನೆಂಬ ಕಟ್ಟಳೆಗಳು ಒಂದೊಂದು ಸಂಸ್ಥಾನಕ್ಕೂ ಬೇರೆ. ಅವು ವರ್ಷ ವರ್ಷವೂ ಬದಲಾಗುವುವು. ಅಲ್ಲಿರುವ ನಮ್ಮವರು ಪರವಾನಗಿಯ ಜೊತೆಗೆ ಆ ವರ್ಷದ ಕಟ್ಟಳೆಯ ಪುಸ್ತಕವನ್ನೂ ಓದಿಯೇ ದೋಣಿಯನ್ನು ಹತ್ತಬೇಕು.

ಈಗ ಸೀಸದ ಮಾತು. ಸೋದರಿಗೆ ನಮ್ಮ ಉತ್ತರವು ಒಂದೇ ಮಾತಿನದು: ಆ ಬಾಣಲೆಯು ಇಂದೇ ಅಡಿಗೆಮನೆಯಿಂದ ಹೊರಗೆ ಹೋಗತಕ್ಕದ್ದು.

ಕಾದ ಸೀಸವನ್ನು ಕಿವಿಗೆ ಹೊಯ್ದಂತೆ ಎಂಬ ನಮ್ಮ ನುಡಿಯು ಸುಡುವ ನೋವನ್ನು ಮಾತ್ರ ಬಲ್ಲುದು. ಸುಡದೆ, ನೋಯಿಸದೆ, ತಿಂಗಳುಗಟ್ಟಲೆ ಒಳಸೇರುವುದೇ ಸೀಸದ ನಿಜವಾದ ದುಷ್ಟತನ. ಕರಗಿದ ಸೀಸದ ಮೇಲೆ ಕಟ್ಟುವ ಬೂದಿಯಂಥ ಕೆನೆಯನ್ನು ತೆಗೆಯುವಾಗ ಕಣ್ಣಿಗೆ ಕಾಣದ ಧೂಳು ಏಳುವುದು. ಅದು ಒಲೆಯ ಕಟ್ಟೆಯ ಮೇಲೆ, ನೆಲದ ಮೇಲೆ, ಅನ್ನದ ತಪ್ಪಲೆಯ ಅಂಚಿನ ಮೇಲೆ ಕೂರುವುದು. ನೆಲದ ಮೇಲೆ ಆಡುವ ಮಗುವಿನ ಕೈ ದಿನಕ್ಕೆ ನೂರು ಸಲ ಬಾಯಿಗೆ ಹೋಗುವುದಷ್ಟೆ. ನುಂಗಿದ ಸೀಸದಲ್ಲಿ ದೊಡ್ಡವರ ಮೈ ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಎಳೆಯ ಮೈ ಹೀರಬಲ್ಲುದು. ಅದು ಮಿದುಳಿನ ಬೆಳವಣಿಗೆಗೆ ಅಡ್ಡಬರುವುದು, ಬುದ್ಧಿಯನ್ನು ಕುಗ್ಗಿಸುವುದು, ಎಲುಬಿನಲ್ಲಿ ವರ್ಷಗಟ್ಟಲೆ ಮನೆಮಾಡುವುದು. ಇಷ್ಟರವರೆಗೆ ಇದ್ದರೆ ಬಾಧಕವಿಲ್ಲವೆನ್ನತಕ್ಕ ಪ್ರಮಾಣವೇ ಸೀಸಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ನಿರ್ಣಯ. ಗರ್ಭಿಣಿಯ ಮೈಯಿಂದ ಅದು ಮಗುವಿಗೂ ಹಾಯುವುದು. ಇನ್ನು ಒಂದು ಹನಿ ನೀರು ಕರಗಿದ ಸೀಸದೊಳಗೆ ಸಿಕ್ಕಿದರೆ ಕ್ಷಣದಲ್ಲಿ ಹಬೆಯಾಗಿ ಸಿಡಿದು ಸೀಸವನ್ನು ಮುಖಕ್ಕೆ ಎರಚುವುದು. ಅನ್ನ ಉಕ್ಕುವ ಒಲೆಯ ಪಕ್ಕದಲ್ಲಿ ನೀರಿನ ಹನಿಗೆ ಬರವೇ?

ಮಗುವಿನ ರಕ್ತದಲ್ಲಿ ಸೀಸವೆಷ್ಟಿದೆಯೆಂದು ವೈದ್ಯರಲ್ಲಿ ಪರೀಕ್ಷೆ ಮಾಡಿಸಬೇಕು. ಅದು ಸಣ್ಣ ಪರೀಕ್ಷೆ, ತಡಮಾಡಬಾರದು. ಒಲೆಯ ಸುತ್ತಲನ್ನು ಒದ್ದೆಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಎಸೆಯಬೇಕು. ಒಣಗುಡಿಸಿದರೆ ಧೂಳು ಮತ್ತೆ ಏಳುವುದು. ಬಾಣಲೆಯನ್ನು ತೊಳೆದು ಮತ್ತೆ ಒಗ್ಗರಣೆಗೆ ಬಳಸುವ ಯೋಚನೆ ಬೇಡವೇ ಬೇಡ. ಯಜಮಾನರಿಗೆ ಎರಕದ ಹಂಬಲವು ತಡೆಯದಾದರೆ ಮನೆಯಿಂದ ದೂರ, ಬಯಲುಗಾಳಿಯಲ್ಲಿ, ಬೇರೆಯ ಒಲೆಯಲ್ಲಿ, ಬೇರೆಯ ಉಡುಪಿನಲ್ಲಿ ಮಾಡಿಕೊಳ್ಳಲಿ. ಆ ಉಡುಪು ಮಗುವಿನ ಬಟ್ಟೆಯೊಡನೆ ಒಗೆಯಲು ಬರಕೂಡದು. ನಮ್ಮನ್ನು ಕೇಳಿದರೆ, ಸಿದ್ಧವಾದ ತಲೆಗಳನ್ನು ಕೊಳ್ಳುವುದೇ ಲೇಸು. ಉಳಿತಾಯವಾಗುವ ನಾಲ್ಕು ಕಾಸು ಮಗುವಿನ ಬುದ್ಧಿಗಿಂತ ದೊಡ್ಡದಲ್ಲ. ಸೀಸಕ್ಕೆ ಬದಲಾಗಿ ಟಂಗ್‌ಸ್ಟನ್ ಲೋಹದವೂ ದೊರೆಯುವುವು. ಅದು ಸೀಸಕ್ಕಿಂತಲೂ ಬಹಳ ಭಾರವಾದುದರಿಂದ ತಲೆಯು ಚಿಕ್ಕದಾಗಿ ಬೇಗ ಇಳಿಯುವುದು, ಬೆಲೆ ಮಾತ್ರ ಹೆಚ್ಚು. ಇಂಗ್ಲೆಂಡಿನಲ್ಲಿ ಹಂಸಗಳು ಸಣ್ಣ ಸೀಸದ ಗುಂಡುಗಳನ್ನು ನುಂಗಿ ಸಾಯುತ್ತಿದ್ದುದರಿಂದ 1987ರಲ್ಲಿಯೇ ಒಂದು ಔನ್ಸಿನವರೆಗಿನ ಸೀಸದ ಗಾಳಭಾರಗಳ ಮಾರಾಟವನ್ನು ನಿಲ್ಲಿಸಿದರು. ಕೊಂಡ ಸೀಸವನ್ನು ಮುಟ್ಟಿದ ಕೈಯನ್ನೂ ಸಾಬೂನಿನಿಂದ ತೊಳೆದಲ್ಲದೆ ಬುತ್ತಿಯನ್ನು ಬಿಚ್ಚಬಾರದು. ಸೀಳುಗುಂಡನ್ನು ಹಲ್ಲಿನಿಂದ ಕಚ್ಚಿ ಮುಚ್ಚುವ ಚಾಳಿಯನ್ನಂತೂ ಬಿಡಬೇಕು.

ಮೆತ್ತನೆಯ ಹುಸಿಮೀನುಗಳನ್ನು ಇಡುವ ಬಗೆಗೂ ಗೃಹಿಣಿಯರಿಗೆ ಒಂದು ಮಾತು. ಅವುಗಳಲ್ಲಿರುವ ಎಣ್ಣೆಯು ಗಟ್ಟಿ ಪ್ಲಾಸ್ಟಿಕ್ಕಿನ ಕೆಲವು ಡಬ್ಬಿಗಳನ್ನೂ, ಬಣ್ಣ ಬಳಿದ ಸಾಮಾನುಗಳನ್ನೂ ಕರಗಿಸಿ ಅಂಟಾಗಿಸುವುದು. ಕೆಂಪು ಮೀನನ್ನು ಬಿಳಿ ಮೀನಿನ ಜೊತೆಗಿಟ್ಟರೆ, ಹೊಸ ಕೆಂಪು ಸೀರೆಯನ್ನು ಬಿಳಿ ಪಂಚೆಯೊಡನೆ ನೆನೆಸಿದಂತೆಯೇ. ಕೊಂಡ ಚೀಲದಲ್ಲಿಯೇ ಅವನ್ನು ಬಿಸಿಲಿಗೆ ದೂರವಾಗಿ ಇಡುವುದು ಒಳ್ಳೆಯದು. ಮಿಠಾಯಿಯಂತೆ ಹೊಳೆಯುವುದರಿಂದ ಮಗುವಿನ ಕೈಗೆ ಎಟುಕಕೂಡದು. ಹರಿದುಹೋದವನ್ನು ನೀರಿಗೆ ಬಿಸಾಡದೆ ಮನೆಗೆ ತಂದು ಕಸಕ್ಕೆ ಹಾಕಬೇಕು. ಮೇಯ್ನ್ ಸಂಸ್ಥಾನದಲ್ಲಿ ಟ್ರೌಟ್ ಮೀನುಗಳ ಎದುರಿಗೆ ಇಂಥ ತುಂಡುಗಳನ್ನು ಹಾಕಿ ನೋಡಿದಾಗ ಅವು ತಾವಾಗಿಯೇ ನುಂಗಿದುವೆಂದೂ, ನುಂಗಿದವು ತೂಕದಲ್ಲಿ ಇಳಿದುವೆಂದೂ 2009ರಲ್ಲಿ ಪ್ರಕಟವಾಯಿತು. ನೀರಿನಲ್ಲಿ ನೆನೆದರೆ ಅವು ಇನ್ನೂ ಉಬ್ಬುವುವು. ದೋಣಿಯಲ್ಲಿ ಇದಕ್ಕಾಗಿ ಒಂದು ಹಳೆಯ ಡಬ್ಬಿಯನ್ನು ಇಟ್ಟುಕೊಂಡರೆ ಸಾಕು. ಮುಚ್ಚಳವು ಬಿಗಿಯಾಗಿರಬೇಕು, ಕಡಲ ಗಾಳಿಗೆ ಹಗುರವಾದುದು ನಿಲ್ಲುವುದಿಲ್ಲ.